ಮೂರನೆಯ ಸಲ ಕೇಳುವವರೆಗೆ

ಕೇಳುತ್ತಾರೋ ಇಲ್ಲವೋ? ಎರಡು ಸಲ ಕೇಳಿಯಾಯಿತು. ಇನ್ನೊಂದು ಸಲ ಕೇಳದೆ ಬಿಡುವುದುಂಟೆ? ಇಷ್ಟು ಓದಿದವರು, ಅಷ್ಟೂ ತಿಳಿಯದೆ ಇರುತ್ತದೆಯೇ? ಆದರೆ ಆಕೆ ಪೆನ್ನಿನ ಮುಚ್ಚಳ ಹಾಕುತ್ತಿದ್ದಾರಲ್ಲ. ಮುಚ್ಚಳ ಹಾಕಿದ ಮೇಲೂ ಕೇಳಬಹುದು. ಕೇಳುವುದಕ್ಕೆ ಪೆನ್ನೇಕೆ ಬೇಕು?

ಆರ್ವಿಡ್ ಸ್ಕೋಗನ್ ಪರೀಕ್ಷೆಯ ಮಂಚದ ಅಂಚಿನಲ್ಲಿ ಕೂತು, ಟೊಪ್ಪಿಗೆಯನ್ನು ಎರಡು ಕೈಗಳಲ್ಲೂ ತಿರುಗಿಸುತ್ತ ನೆಲ ನೋಡುತ್ತಿದ್ದ. ಎಡಗಾಲಿಗೆ ಕಾಲುಚೀಲವಿರಲಿಲ್ಲ. ನಾಲ್ಕು ವರ್ಷಗಳಲ್ಲಿ ಮೊದಲ ಸಲ ಆ ಕಾಲು ಸುಮ್ಮನಿತ್ತು. ಅರ್ಧ ಗಂಟೆಯ ಹಿಂದೆ ಡಾ. ಕಿರೋಗಾ ಅವನ ಕಣಕಾಲಿಗಿಂತ ಒಂದು ಗೇಣು ಮೇಲೆ, ಹೊರಬದಿಯಲ್ಲಿ, ಸಣ್ಣ ಸೂಜಿಯಿಂದ ಮರಗಟ್ಟಿಸುವ ಔಷಧ ಹಾಕಿದ್ದರು. ಆಮೇಲೆ ಪಾದದ ಮೇಲೆ ಬೆರಳಿಟ್ಟು ಕೇಳಿದ್ದರು.

"ಮುಟ್ತಾ ಇದೀನಿ. ಗೊತ್ತಾಗ್ತಿದೆಯಾ?"

"ಇಲ್ಲ."

"ನೋವು?"

ಅವನು ಸ್ವಲ್ಪ ಹೊತ್ತು ಹುಡುಕಿದ. ಕತ್ತಲೆಯ ಕೊಟ್ಟಿಗೆಯಲ್ಲಿ ತಪ್ಪಿಸಿಕೊಂಡ ಕರುವನ್ನು ಹುಡುಕುವವನ ಹಾಗೆ. "ಇಲ್ಲ ಅನ್ಸತ್ತೆ," ಎಂದಿದ್ದ.

ಆಕೆಗೆ ಸಂತೋಷವಾಗಿತ್ತು. ಇದು ಬರೀ ಪರೀಕ್ಷೆ, ಸಂಜೆಯೊಳಗೆ ಔಷಧ ಇಳಿದುಹೋಗುತ್ತದೆ ಎಂದರು. ಆದರೆ ನೋವು ಯಾವ ನರದಿಂದ ಬರುತ್ತಿದೆ ಎಂಬುದು ಖಚಿತವಾಯಿತು. ಪೆಟ್ಟು ಬಿದ್ದ ಜಾಗದಲ್ಲಿ ನರ ಗಂಟು ಕಟ್ಟಿಕೊಂಡು ಕೂತಿದೆ. ಆ ಗಂಟನ್ನು ಕತ್ತರಿಸಿ ತೆಗೆಯಬಹುದು.

"ಆಪರೇಷನ್ ಮಾಡೋಣ್ವಾ, ಸ್ಕೋಗನ್ ಅವ್ರೇ?"

"ಅಯ್ಯೋ, ನಿಮಗ್ಯಾಕೆ ತೊಂದ್ರೆ. ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇರ್ತಾರೆ."

"ನನಗೇನು ತೊಂದ್ರೆ? ಇದೇ ನನ್ನ ಕೆಲಸ. ಮಾಡಿಸ್ಕೋತೀರಾ?"

"ಹೇಗೋ ನಡೀತಿದೆ ಬಿಡಿ."

ಆಗಲೇ ಆಕೆ ಪೆನ್ನಿನ ಮುಚ್ಚಳ ಹಾಕಿದ್ದು. ಈಗ ಕಡತ ಮುಚ್ಚಿದರು. ಎದ್ದು ನಿಂತು ಕೈ ಚಾಚಿದರು.

"ಸರಿ. ಕಾಲು ನಿಮ್ಮದು, ನಿರ್ಧಾರಾನೂ ನಿಮ್ಮದೇ. ನಾನು ಒತ್ತಾಯ ಮಾಡಲ್ಲ."

ಅವನು ಕೈ ಕುಲುಕಿದ. ಹವೆ ಚೆನ್ನಾಗಿದೆ, ಹಿಮ ಬೀಳುವುದಕ್ಕೆ ಇನ್ನೂ ಒಂದು ವಾರವಾದರೂ ಬೇಕು ಎಂದು ಏನೋ ಹೇಳಿದ. ಆಕೆ ಹೌದೆಂದರು. ಬಾಗಿಲು ಮುಚ್ಚಿತು.

ನಮ್ಮ ಕಡೆ ಯಾರಾದರೂ ಕಾಫಿ ಬೇಕೇ ಎಂದರೆ ಬೇಡ ಎನ್ನಬೇಕು. ಮತ್ತೆ ಕೇಳಿದರೆ, ಈಗಷ್ಟೇ ಕುಡಿದು ಬಂದೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ, ನಿಮಗೇನೂ ತೊಂದರೆ ಇಲ್ಲದಿದ್ದರೆ ಅರ್ಧ ಲೋಟ ಎನ್ನಬೇಕು. ಕೇಳುವವರು ಅಷ್ಟರಲ್ಲಿ ತುಂಬಿದ ಲೋಟವನ್ನೇ ಹಿಡಿದು ನಿಂತಿರುತ್ತಾರೆ. ನಾರ್ವೆಯಿಂದ ಹಡಗಿನಲ್ಲಿ ಬಂದ ಮುತ್ತಜ್ಜಂದಿರು ಪೆಟ್ಟಿಗೆಯಲ್ಲಿ ಬೈಬಲ್ಲಿನ ಜೊತೆಗೆ ಇದನ್ನೂ ಇಟ್ಟುಕೊಂಡು ಬಂದಿರಬೇಕು. ಮಿನ್ನೆಸೋಟದ ಈ ಮೂಲೆಯಲ್ಲಿ ಮೊದಲ ಸಲಕ್ಕೇ ಹೂಂ ಎನ್ನುವವನನ್ನು ಹಸಿದವನೆಂದೋ ಹೊರಗಿನವನೆಂದೋ ತಿಳಿಯುತ್ತಾರೆ. ಡಾ. ಕಿರೋಗಾ ಟೆಕ್ಸಸ್‌ನ ಎಲ್ ಪಾಸೊ ಊರಿನವರು. ಅಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥವಂತೆ.

ಆರ್ವಿಡ್‌ಗೆ ಐವತ್ತೆಂಟು. ನಲವತ್ತೆರಡು ಹಸುಗಳ ಕೊಟ್ಟಿಗೆ. ನಾಲ್ಕು ವರ್ಷಗಳ ಹಿಂದೆ ಪರ್ಲ್ ಎಂಬ ಹಸು ಬೆದರಿ ಅವನ ಎಡಪಾದದ ಮೇಲೆ ಕಾಲಿಟ್ಟು, ಅಲ್ಲೇ ಗರ್ರನೆ ತಿರುಗಿತು. ಮೂಳೆಗಳು ಆರು ವಾರದಲ್ಲಿ ಕೂಡಿದವು. ಅದಕ್ಕಾಗಿ ಪರ್ಲ್‌ಳನ್ನು ಯಾರೂ ಬೈಯಲಿಲ್ಲ. ಆದರೆ ಮೂಳೆ ಕೂಡಿದ ಮೇಲೆ ಬೇರೊಂದು ನೋವು ಶುರುವಾಯಿತು. ಪಾದದ ಮೇಲ್ಭಾಗಕ್ಕೆ ಏನೇ ತಾಗಲಿ, ತೋಟದ ಬೇಲಿಗೆ ಹಾಯಿಸುವ ಕರೆಂಟು ಹೊಡೆದ ಹಾಗೆ ಬೆರಳಿನ ತುದಿಯವರೆಗೆ ಹರಿಯುತ್ತಿತ್ತು. ಒದೆ ತಿಂದರೆ ಮಾತ್ರವಲ್ಲ, ಕಾಲುಚೀಲ ತಾಗಿದರೂ ಸಾಕು. ಗಾಳಿ ತಾಗಿದರೂ ಸಾಕು ಎಂದರೆ ನಂಬುವವರಿರಲಿಲ್ಲ, ಅವನು ಹೇಳಿದ್ದೂ ಇಲ್ಲ.

ಅವನು ಎಡಗಾಲಿಗೆ ಮೂರು ಅಳತೆ ದೊಡ್ಡ ಬೂಟು ತಂದ. ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯನ್ನು ಕತ್ತರಿಸಿ, ಬಗ್ಗಿಸಿ, ಪಾದದ ಮೇಲೆ ಸಣ್ಣ ಸೂರಿನ ಹಾಗೆ ಕಟ್ಟಿಕೊಂಡ. ಅದನ್ನು ಕಟ್ಟಿಕೊಂಡು ದಿನಕ್ಕೆರಡು ಹೊತ್ತು ಹಾಲು ಕರೆದ. ಮಲಗುವಾಗ ಹೊದಿಕೆ ತಾಗದಿರಲೆಂದು ಅವನ ಹೆಂಡತಿ ಮಾರ್ಲಿಸ್ ಹಾಸಿಗೆಯ ಕಾಲ್ದೆಸೆಯಲ್ಲಿ ಸೇಬಿನ ರಟ್ಟಿನ ಪೆಟ್ಟಿಗೆಯೊಂದನ್ನು ಕವುಚಿಟ್ಟಳು. ಆ ಬಗ್ಗೆ ಅವರಿಬ್ಬರೂ ಮಾತಾಡಲಿಲ್ಲ. ಒಂದು ಪೆಟ್ಟಿಗೆ ಹರಿದಾಗ ಇನ್ನೊಂದು ಬಂತು.

ವೈದ್ಯರ ಬಳಿಗೆ ಹೋಗಲಿಲ್ಲವೆಂದಲ್ಲ. ಹೋದಾಗಲೆಲ್ಲ ದಾದಿ, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳುತ್ತಿದ್ದಳು. ಜೋಳ ಕೀಳುವ ಯಂತ್ರಕ್ಕೆ ಕೈ ಕೊಟ್ಟ ಚಿಕ್ಕಪ್ಪನನ್ನು ಅವನು ಕಣ್ಣಾರೆ ಕಂಡಿದ್ದ. ಅದು ಹತ್ತು. ಅದರ ಮುಂದೆ ಇದೇನು? "ಮೂರು," ಎನ್ನುತ್ತಿದ್ದ. ಮೂರಕ್ಕೆ ಕೊಡುವ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಕೊನೆಗೆ ಯಾರೋ ಹೊಸ ಹುಡುಗ ವೈದ್ಯ ಆ ಡಬ್ಬಿಯ ಸೂರನ್ನು ನೋಡಿ, ನಗರದ ದೊಡ್ಡ ಆಸ್ಪತ್ರೆಯಲ್ಲಿ ನರಗಳ ಶಸ್ತ್ರಚಿಕಿತ್ಸೆ ಮಾಡುವವರಿದ್ದಾರೆ ಎಂದು ಚೀಟಿ ಬರೆದುಕೊಟ್ಟಿದ್ದ.

ಆ ದಿನ ಅವನು ಎರಡೂವರೆ ಗಂಟೆ ಗಾಡಿ ಓಡಿಸಿ ಮನೆಗೆ ಬಂದಾಗ ಕಾಲು ಇನ್ನೂ ಸುಮ್ಮನಿತ್ತು. ಕೊಟ್ಟಿಗೆಯ ಹಿಂಬದಿಯಲ್ಲಿ ನಾಲ್ಕು ವರ್ಷಗಳಿಂದ ಜೇಡ ಬಲೆ ಕಟ್ಟಿದ್ದ ತನ್ನ ಹಳೆಯ ಎಡಬೂಟನ್ನು ಹುಡುಕಿ ತೆಗೆದ. ಕೊಡವಿ, ಹಾಕಿಕೊಂಡ. ಅದು ಅವನ ಕಾಲಿಗೆ ಸರಿಯಾಗಿ ಕೂತಿತು. ಹಸುಗಳ ನಡುವೆ ಹೋದ. ಒಂದೊಂದರ ಪಕ್ಕದಲ್ಲೂ ಕುಕ್ಕರಗಾಲಿನಲ್ಲಿ ಕೂತು ಕೆಚ್ಚಲು ಒರೆಸಿದ, ಯಂತ್ರದ ಬಟ್ಟಲುಗಳನ್ನು ತೊಡಿಸಿದ, ಎದ್ದ, ಮುಂದಿನದಕ್ಕೆ ನಡೆದ. ಪರ್ಲ್‌ಳ ಹತ್ತಿರ ಬಂದಾಗ ಕಾಲನ್ನು ದೂರ ಇಡಬೇಕೆಂಬುದು ನೆನಪಿಗೆ ಬರಲಿಲ್ಲ. ಅದು ಅವನಿಗೆ ಆಮೇಲೆ ಹೊಳೆದಾಗ ಹಾಲಿನ ಕೊಳವೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತ. ರೇಡಿಯೋ ಏನನ್ನೋ ಹಾಡುತ್ತಿತ್ತು. ಮೂವತ್ತೇಳನೆಯ ಹಸುವಿನ ಹೊತ್ತಿಗೆ ಬೆರಳ ತುದಿಯಲ್ಲಿ ಒಂದು ಕಿಡಿ ಎದ್ದಿತು. ನಲವತ್ತೆರಡರ ಹೊತ್ತಿಗೆ ಅವನು ಗೋಡೆ ಹಿಡಿದುಕೊಂಡಿದ್ದ. ಆ ಬೂಟನ್ನು ಕಳಚುವುದಕ್ಕೆ ಎಷ್ಟು ಹೊತ್ತಾಯಿತೆಂದು ನೋಡಿದವರಿಲ್ಲ.

ಒಳಗೆ ಮಾರ್ಲಿಸ್ ಆಲೂಗಡ್ಡೆ ಹಿಸುಕುತ್ತಿದ್ದಳು. ತಿರುಗಿ ನೋಡಲಿಲ್ಲ.

"ಏನಂದ್ರು?"

"ಕೇಳಿದ್ರು."

"ನೀನೇನಂದೆ?"

ಅವನು ಕುರ್ಚಿ ಎಳೆದು ಕೂತ. "ಎರಡು ಸಲ ಕೇಳಿದ್ರು."

ಅವಳ ಕೈ ನಿಂತಿತು. "ಆಮೇಲೆ?"

"ಆಮೇಲೆ ಕೈ ಕುಲುಕಿದ್ರು."

ಮಾರ್ಲಿಸ್ ಈಗ ತಿರುಗಿದಳು. "ಯಾವೂರೋರು ಅವ್ರು?"

"ಎಲ್ ಪಾಸೊ."

"ಅಯ್ಯೋ ದೇವ್ರೆ." ಮತ್ತೆ ಹಿಸುಕತೊಡಗಿದಳು. "ಫೋನ್ ಮಾಡು. ಮನಸ್ಸು ಬದಲಾಯ್ತು ಅನ್ನು."

"ಬೇಡ ಅಂದವನು ಹೇಗೆ ಫೋನ್ ಮಾಡ್ಲಿ? ಏನಂದ್ಕೋತಾರೆ?"

"ಏನಂದ್ಕೋತಾರೆ?"

ಬೇಡವೆಂದದ್ದನ್ನು ತಾನೇ ಹೋಗಿ ಬೇಡಿದವರನ್ನು ಅವನು ಇದುವರೆಗೆ ಕಂಡಿರಲಿಲ್ಲ. ಅವನ ಅಪ್ಪ ಹಾಗೆ ಮಾಡಿರಲಿಲ್ಲ. ಅಪ್ಪ ಬಾವಿಗೆ ಬಿದ್ದಾಗಲೂ ಹಗ್ಗ ಇಳಿಬಿಟ್ಟವರಿಗೆ, ನಿಮ್ಮ ಕೆಲಸ ಮುಗಿಸಿಕೊಂಡೇ ಬನ್ನಿ ಎಂದಿದ್ದನೆಂದು ಊರಿನಲ್ಲಿ ಹೇಳಿ ನಗುತ್ತಿದ್ದರು. ಆದದ್ದು ಬಹುತೇಕ ಹಾಗೆಯೇ.

ಮುಂದಿನ ಭಾನುವಾರ ಚರ್ಚಿನ ನೆಲಮಾಳಿಗೆಯ ಕಾಫಿಯಲ್ಲಿ ಪಕ್ಕದ ತೋಟದ ವೆಂಡೆಲ್ ಅವನನ್ನು ಹಿಡಿದ. ವೆಂಡೆಲ್ ಅವನ ಜೊತೆ ಒಂದನೆಯ ತರಗತಿಯಿಂದ ಇರುವವನು. ನಮ್ಮ ಕಡೆ ಬಾಯಿ ಇರುವ ಕೆಲವರಲ್ಲಿ ಒಬ್ಬ.

"ಎರಡು ಸಲ ಬೇಡ ಅಂದ್ಯಂತೆ? ಡಾಕ್ಟ್ರ ಹತ್ರಾನೂ ಕಾಫಿ ಲೆಕ್ಕಾನೇನೋ?"

"ಯಾರು ಹೇಳಿದ್ರು?"

"ನಿನ್ನ ಹೆಂಡ್ತಿ ನನ್ನ ಹೆಂಡ್ತಿಗೆ ಹೇಳ್ದಾಗ ನಾನು ಮೇಜಿನ ಕೆಳಗೇನಾದ್ರೂ ಇದ್ನೇನೋ? ನಮ್ಮಪ್ಪನ ತಿಥಿ ಊಟದಲ್ಲಿ ನೀನು ಕೇಕ್ ಎರಡು ಸಲ ಬೇಡ ಅಂದು ಆಮೇಲೆ ನಾಲ್ಕು ತುಂಡು ತಿಂದೋನು. ನನಗೆ ಗೊತ್ತಿಲ್ವಾ ನಿನ್ನ ಬೇಡ?"

"ನೀನಾಗಿದ್ರೆ ಏನಂತಿದ್ದೆ?"

ವೆಂಡೆಲ್ ಬಾಯಿ ತೆರೆದ. ಯೋಚಿಸಿದ. ಲೋಟದೊಳಗೆ ನೋಡಿದ. "ನಾನೂ ಅಷ್ಟೇ ಅಂತಿದ್ದೆ ಅನ್ನು," ಎಂದು ಕಾಫಿ ಕುಡಿದ.

ಆ ಚಳಿಗಾಲ ಕೆಟ್ಟದಾಗಿತ್ತು. ಜನವರಿಯಲ್ಲಿ ಒಂದು ವಾರ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿಳಿಯಿತು. ದಪ್ಪ ಕಾಲುಚೀಲ ಹಾಕುವಂತಿಲ್ಲ, ಹಾಕದಿದ್ದರೆ ಬೆರಳು ಉಳಿಯುವಂತಿಲ್ಲ. ಅವನು ಒಂದೊಂದು ಹಸುವಿನ ಪಕ್ಕದಲ್ಲೂ ಕೂತವನು ಏಳುವುದಕ್ಕೆ ಹಸುವಿನ ಬೆನ್ನು ಹಿಡಿಯುತ್ತಿದ್ದ. ಹಸುಗಳು ಅದಕ್ಕೆ ಒಗ್ಗಿಕೊಂಡು ಸ್ವಲ್ಪ ಅವನ ಕಡೆಗೆ ವಾಲುತ್ತಿದ್ದವು. ಬೆಳಗಿನ ಹಾಲು ಮುಗಿಸಲು ಎರಡು ಗಂಟೆ ಹಿಡಿಯುತ್ತಿದ್ದದ್ದು ಮೂರೂವರೆಯಾಯಿತು. ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಅವನು, ಏಪ್ರಿಲ್‌ನಲ್ಲಿ ದನದ ವ್ಯಾಪಾರಿಗೆ ಬರಹೇಳುತ್ತೇನೆ ಎಂದ. ಅಷ್ಟೂ ಹಸುಗಳನ್ನಾ ಎಂದು ಮಾರ್ಲಿಸ್ ಕೇಳಿದಳು. ಅಷ್ಟೂ ಎಂದ. ಅವಳು ತಟ್ಟೆಗಳನ್ನು ಎತ್ತಿಟ್ಟಳು.

ಮಾರನೆಯ ಬೆಳಿಗ್ಗೆ ಅವಳು ಕೋಟು ಹಾಕಿಕೊಂಡು ಗಾಡಿಯ ಕೀಲಿ ತೆಗೆದಳು.

"ಈ ಚಳೀಲಿ ಎಲ್ಲಿಗೆ? ರಸ್ತೆಯೆಲ್ಲ ಹಿಮಗಟ್ಟಿ ಗಾಜಾಗಿದೆ."

"ಪೇಟೆಗೆ. ಯೀಸ್ಟ್ ಮುಗಿದಿದೆ."

ಕಪಾಟಿನಲ್ಲಿ ಯೀಸ್ಟಿನ ಎರಡು ಪೊಟ್ಟಣಗಳಿದ್ದುದನ್ನು ಅವನು ಕಂಡಿದ್ದ. ಹಳೆಯದಿರಬೇಕು ಎಂದುಕೊಂಡು ಸುಮ್ಮನಾದ. ಅವಳು ಹನ್ನೆರಡು ಮೈಲಿ ಹೋಗಿ ಹನ್ನೆರಡು ಮೈಲಿ ಬರುವವರೆಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತೇ ಇದ್ದ. ಅವಳು ಬಂದಾಗ, ಕಾಫಿ ಇದೆ ಎಂದ.

ಫೆಬ್ರವರಿಯ ಕೊನೆಗೆ ಆಸ್ಪತ್ರೆಯಿಂದ ಕರೆ ಬಂತು. ಮೊದಲು ಮಾಡಿದ ಪರೀಕ್ಷೆಯ ಬಗ್ಗೆ ಡಾಕ್ಟರು ಮತ್ತೊಮ್ಮೆ ನೋಡಬೇಕಂತೆ ಎಂದಳು ಗುಮಾಸ್ತೆ. ಆರ್ವಿಡ್ ಅದಕ್ಕೆ ಮೊದಲ ಸಲವೇ ಸರಿ ಎಂದ. ಕರೆಸಿಕೊಂಡರೆ ಹೋಗಬೇಕು, ಅದು ಬೇರೆ.

ಡಾ. ಕಿರೋಗಾ ಅವನ ಕಾಲನ್ನು ಮತ್ತೆ ನೋಡಿದರು. ಕಣಕಾಲಿನ ಮುಂದೆ ಒಂದು ಜಾಗದಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಅವನು ಮಂಚದ ಅಂಚು ಹಿಡಿದುಕೊಂಡ.

"ಎಷ್ಟು ನೋವು?"

"ಮೂರು."

ಆಕೆ ಏನೋ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, ಗಾಲಿಯ ಸ್ಟೂಲನ್ನು ಎಳೆದು ಅವನೆದುರು ಕೂತರು. "ಆಪರೇಷನ್ ಮಾಡೋಣ್ವಾ?"

"ನಿಮಗೆ ಬೇರೆ ಕೆಲ್ಸ ಇಲ್ವೇ. ನಂದೇನು ಮಹಾ."

"ಹೂಂ." ಆಕೆ ಕಿಟಕಿಯ ಕಡೆ ನೋಡಿದರು. ಎದ್ದು ಹೋಗುವ ಆತುರವೇನೂ ಕಾಣಲಿಲ್ಲ. "ಮಾಡಿದ್ರೆ ಒಳ್ಳೇದಲ್ವಾ?"

"ಇಷ್ಟು ದಿನ ನಡೆದಿದೆ. ಇನ್ನೂ ನಡೆಯತ್ತೆ."

ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಆರ್ವಿಡ್ ಟೊಪ್ಪಿಗೆಯ ಅಂಚಿನ ಹೊಲಿಗೆಗಳನ್ನು ಎಣಿಸುತ್ತಿದ್ದ. ಈಗ ಪೆನ್ನು ಎತ್ತಿಕೊಳ್ಳುತ್ತಾರೆ. ಈಗ ಕಡತ ಮುಚ್ಚುತ್ತಾರೆ. ಈಗ ಏಳುತ್ತಾರೆ.

"ಸ್ಕೋಗನ್ ಅವ್ರೇ," ಎಂದರು ಆಕೆ, "ನಿಮ್ಮ ಕಾಲಿಗೆ ಆಪರೇಷನ್ ಮಾಡ್ಲಾ?"

ಅವನು ತಲೆ ಎತ್ತಲಿಲ್ಲ. "ನಿಮಗೇನೂ ತೊಂದ್ರೆ ಇಲ್ಲ ಅಂದ್ರೆ," ಎಂದ.

ಆಕೆ ಜೋರಾಗಿ ಉಸಿರು ಬಿಟ್ಟರು. ಆಮೇಲೆ ಬಹಳ ಹೊತ್ತು ವಿವರಿಸಿದರು. ಕುಯ್ಯುವುದು ಪಾದವನ್ನಲ್ಲ, ಮೊಣಕಾಲು ಮತ್ತು ಕಣಕಾಲಿನ ನಡುವೆ, ಹೊರಬದಿಯಲ್ಲಿ. ಕೆಟ್ಟ ಗಂಟನ್ನು ತೆಗೆದರೆ ಸಾಲದು. ಕತ್ತರಿಸಿದ ನರದ ತುದಿಯನ್ನು ಹಾಗೇ ಬಿಟ್ಟರೆ ಅದು ಮತ್ತೆ ಬೆಳೆದು ಮತ್ತೆ ಗಂಟಾಗುತ್ತದೆ. ಅದಕ್ಕೆ ತುದಿಯನ್ನು ಆಳದ ಮಾಂಸಖಂಡದೊಳಗೆ, ಬೂಟೂ ಹೊದಿಕೆಯೂ ತಾಗದ ಕಡೆ, ಹುಗಿದಿಡುತ್ತಾರೆ. ಅಲ್ಲಿ ಅದು ಸಾಮಾನ್ಯವಾಗಿ ತಣ್ಣಗಿರುತ್ತದೆ. ಪಾದದ ಮೇಲ್ಭಾಗಕ್ಕೆ ಇನ್ನು ಯಾವತ್ತೂ ಸ್ಪರ್ಶ ತಿಳಿಯುವುದಿಲ್ಲ. ಕಾಲು ಎತ್ತುವ, ನಡೆಯುವ ಬಲ ಹೋಗುವುದಿಲ್ಲ. ಹತ್ತರಲ್ಲಿ ಎಂಟು ಜನಕ್ಕೆ ಸುಖವಾಗುತ್ತದೆ ಎಂದು ತಮ್ಮ ಅನುಭವ; ಇನ್ನಿಬ್ಬರಿಗೆ ಆಗುವುದಿಲ್ಲ; ನೀವು ಯಾರಾಗುತ್ತೀರೋ ಮೊದಲೇ ಹೇಳಲಾರೆ.

"ಕಂಬದ ಹತ್ರ ಅಲ್ಲ, ಪೆಟ್ಟಿಗೆ ಹತ್ರಾನೇ ಕರೆಂಟು ತೆಗೆಯೋದು," ಎಂದ ಆರ್ವಿಡ್.

"ಏನು?"

"ಬೇಲೀದು."

"ಹೌದು," ಎಂದರು ಆಕೆ ಸ್ವಲ್ಪ ಯೋಚಿಸಿ. "ಹಾಗೇ."

ಆರು ವಾರ ಕೊಟ್ಟಿಗೆಗೆ ಕಾಲಿಡುವಂತಿಲ್ಲ ಎಂದದ್ದು ಮಾತ್ರ ಅವನಿಗೆ ದೊಡ್ಡದಾಗಿ ಕಂಡಿತು. ಆದರೆ ಆಸ್ಪತ್ರೆಯಿಂದ ಅವನು ಮಾರ್ಲಿಸ್‌ಗೆ ಫೋನಿನಲ್ಲಿ ಹೇಳಿದ್ದು ಪಕ್ಕದ ತೋಟಕ್ಕೂ ಮುಟ್ಟಿ, ಅವನು ಮನೆ ತಲುಪುವ ಮೊದಲೇ ವೆಂಡೆಲ್ ಚರ್ಚಿನ ಪ್ರಾರ್ಥನಾ ಪಟ್ಟಿಯ ಬೆನ್ನಿನ ಮೇಲೆ ಹಾಲು ಕರೆಯುವವರ ಹೆಸರು ಬರೆದಾಗಿತ್ತು. ಬೆಳಿಗ್ಗೆ ವೆಂಡೆಲ್, ಸಂಜೆ ಸರದಿಯ ಮೇಲೆ ಐದು ಮನೆಯವರು. ಯಾರೂ ಆರ್ವಿಡ್‌ನನ್ನು ಕೇಳಲಿಲ್ಲ. ಕೇಳಿದರೆ ಮೂರು ಸಲ ಕೇಳಬೇಕಾಗುತ್ತದೆ, ಅಷ್ಟು ಪುರುಸೊತ್ತು ಯಾರಿಗಿದೆ ಎಂದ ವೆಂಡೆಲ್.

"ಕಾಲಿಗೆ ಪೆಟ್ಟು, ಮೊಣಕಾಲಿನ ಕೆಳಗೆ ಕುಯ್ತಾರಂತೆ," ಎಂದು ವೆಂಡೆಲ್ ಮಾರ್ಲಿಸ್‌ಗೆ ಹೇಳಿದ. "ತಲೆಗೆ ಪೆಟ್ಟಾಗಿದ್ರೆ ಎಲ್ಲಿ ಕುಯ್ತಿದ್ರೋ."

"ನಿನಗಾಗಿದ್ರೆ ಕುಯ್ಯೋಕೇನೂ ಸಿಗ್ತಿರ್ಲಿಲ್ಲ ಬಿಡು," ಎಂದಳು ಮಾರ್ಲಿಸ್.

ಮಾರ್ಚ್ ಕೊನೆಯ ವಾರ ಶಸ್ತ್ರಚಿಕಿತ್ಸೆಯಾಯಿತು. ಎಚ್ಚರವಾದಾಗ ಬಾಯಿ ಒಣಗಿತ್ತು. ಕಾಲು ಅಲ್ಲೇ ಇದೆಯೆಂದು ನೋಡಿ ತಿಳಿದುಕೊಳ್ಳಬೇಕಾಯಿತು. ಪಾದದ ಮೇಲೆ ಆಸ್ಪತ್ರೆಯ ಬಿಳಿ ಹೊದಿಕೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಅವನು ಅದನ್ನೇ ನೋಡಿದ. ಈಗ ಹೊಡೆಯುತ್ತದೆ ಎಂದು ಕಾದ. ಪಕ್ಕದ ಕುರ್ಚಿಯಲ್ಲಿ ಮಾರ್ಲಿಸ್ ಹೆಣಿಗೆ ಹಾಕುತ್ತಿದ್ದವಳು ಕಡ್ಡಿ ನಿಲ್ಲಿಸಿ ತಾನೂ ಅಲ್ಲೇ ನೋಡಿದಳು. ಮದ್ದಿನ ಅಮಲು ಇಳಿದ ಮೇಲೆ ಏನಾಗುತ್ತದೋ ಎಂದು ಇಬ್ಬರಿಗೂ ಇತ್ತು. ನವೆಂಬರಿನಲ್ಲಿ ಸೂಜಿ ಚುಚ್ಚಿದ ದಿನ ಹಾಗೇ ಆಗಿತ್ತಲ್ಲ.

ಅಮಲು ಇಳಿಯಿತು. ಹೊಲಿಗೆ ಹಾಕಿದ ಕಡೆ ಉರಿಯುತ್ತಿತ್ತು. ಅದು ಕುಯ್ದ ಗಾಯದ ಉರಿ, ಕಾರಣವಿರುವ ಉರಿ. ಪಾದದಲ್ಲಿ ಕರೆಂಟು ಇರಲಿಲ್ಲ. ಮಾರನೆಯ ದಿನವೂ ಇರಲಿಲ್ಲ. ಮನೆಗೆ ಬಂದ ಮೇಲೂ ಮೂರು ವಾರ ಅವನು ಪ್ರತಿ ಬೆಳಿಗ್ಗೆ ಕಣ್ಣು ಬಿಡುವ ಮೊದಲು ಕಾಲಿನೊಳಗೆ ಕಿವಿಗೊಡುತ್ತಿದ್ದ. ಬಹಳ ವರ್ಷ ಗದ್ದಲದ ಮನೆಯಲ್ಲಿದ್ದವನಿಗೆ ಮೌನವೂ ಮೊದಮೊದಲು ಏನೋ ಕೆಟ್ಟದ್ದು ನಡೆಯಲಿರುವ ಹಾಗೆ ಕೇಳಿಸುತ್ತದೆ.

ಸೋಫಾದ ಮೇಲೆ ಮಲಗಿ ಕಿಟಕಿಯಿಂದ ಕೊಟ್ಟಿಗೆಯ ಸದ್ದು ಕೇಳುತ್ತಿದ್ದ. ಹಾಲಿನ ಯಂತ್ರದ ಟಿಕ್ ಟಿಕ್, ವೆಂಡೆಲ್ ಹಸುಗಳಿಗೆ ರಾಜಕೀಯ ಹೇಳುತ್ತಿದ್ದದ್ದು. ವೆಂಡೆಲ್ ಕಡೆಯ ಸಾಲಿನಿಂದ ಶುರು ಮಾಡುತ್ತಿದ್ದ, ಅದು ತಪ್ಪು ಕ್ರಮ. ಆರ್ವಿಡ್ ಹೇಳಲಿಲ್ಲ. ಏಪ್ರಿಲ್ ಹತ್ತಕ್ಕೆ ದನದ ವ್ಯಾಪಾರಿ ಬಂದಾಗ ಮಾರ್ಲಿಸ್ ಬಾಗಿಲಲ್ಲೇ ನಿಂತು ಅವನಿಗೆ ಕಾಫಿ ಬೇಕೇ ಎಂದು ಒಂದೇ ಸಲ ಕೇಳಿದಳು. ಅವನು ಬೇಡ ಎಂದ. "ಸರಿ," ಎಂದು ಬಾಗಿಲು ಹಾಕಿಕೊಂಡಳು. ಸೋಫಾದ ಮೇಲಿದ್ದ ಆರ್ವಿಡ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಲಿಗೆ ಎಳೆಯುತ್ತದೆ, ನಗಬೇಡ ಎಂದಳು ಅವಳು.

ಮೇ ತಿಂಗಳಲ್ಲಿ ಹಳೆಯ ಎಡಬೂಟು ಹಾಕಿಕೊಂಡು ಕೊಟ್ಟಿಗೆಗೆ ಹೋದ. ಪಾದದ ಮೇಲ್ಭಾಗ ದಪ್ಪ ಕಂಬಳಿಯೊಂದನ್ನು ಶಾಶ್ವತವಾಗಿ ಹೊದ್ದ ಹಾಗಿತ್ತು. ಕೆಲವೊಮ್ಮೆ ಅಲ್ಲಿ ತುರಿಸುತ್ತಿತ್ತು, ತುರಿಸಿಕೊಂಡರೆ ಕೈಗೆ ಕಾಲು ಸಿಗುತ್ತಿತ್ತು, ತುರಿಕೆ ಸಿಗುತ್ತಿರಲಿಲ್ಲ. ಬೂಟಿನೊಳಗೆ ಕಲ್ಲು ಸೇರಿ ಚರ್ಮ ಕಿತ್ತರೂ ತಿಳಿಯುವುದಿಲ್ಲವೆಂದು ಪ್ರತಿ ಸಂಜೆ ಮಾರ್ಲಿಸ್ ಕಾಲನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಅವಳ ಬೆರಳು ಅಲ್ಲಿ ಓಡಾಡುವುದು ಅವನಿಗೆ ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ಅದೊಂದು ನಷ್ಟವೆಂದು ಅವನಿಗೆ ಒಮ್ಮೆ ಅನಿಸಿತು. ಹಾಸಿಗೆಯ ಕಾಲ್ದೆಸೆಯ ಸೇಬಿನ ಪೆಟ್ಟಿಗೆಯನ್ನು ಅವಳು ಒಲೆಗೆ ಹಾಕಿದ ದಿನ ಆ ಅನಿಸಿಕೆಯೂ ಹೋಯಿತು.

ಜೂನ್‌ನಲ್ಲಿ ಕೊನೆಯ ಸಲ ತೋರಿಸಲು ನಗರಕ್ಕೆ ಹೋದ. ಮಾರ್ಲಿಸ್ ತೋಟದ ಕೆಲಸವಿದೆಯೆಂದು ಬರಲಿಲ್ಲ. ದಾದಿ ನೋವಿನ ಅಂಕ ಕೇಳಿದಳು.

"ಒಂದು," ಎಂದ.

ಡಾ. ಕಿರೋಗಾ ಹುಬ್ಬೇರಿಸಿದರು. "ನಿಮ್ಮ ಒಂದಾ, ನಮ್ಮ ಒಂದಾ? ನಿಮ್ಮ ಮೂರು ಅಂದ್ರೆ ನಮ್ಮ ಎಂಟು."

"ನಿಮ್ಮ ಒಂದೇ," ಎಂದ ಆರ್ವಿಡ್. ಆಮೇಲೆ, ಇದು ಇವರಿಗೆ ಹೇಗೆ ಗೊತ್ತು ಎಂದುಕೊಂಡ.

ಆಕೆ ಗಾಯದ ಗುರುತು ಒತ್ತಿ ನೋಡಿ, ಸಂತೋಷಪಟ್ಟು, ಅವನು ಪರ್ಲ್‌ಳ ಬಗ್ಗೆ ಹೇಳಿದ ಎರಡು ಮಾತು ಕೇಳಿ ನಕ್ಕು, ಯಾವುದೋ ಕಾಗದಕ್ಕಾಗಿ ಹೊರಗೆ ಹೋದರು. ಕಡತ ಮೇಜಿನ ಮೇಲೆ ತೆರೆದೇ ಇತ್ತು. ನೋಡಬೇಕೆಂದು ಅವನು ನೋಡಿದ್ದಲ್ಲ. ಒಳಬದಿಗೆ ಪಿನ್ನು ಹಾಕಿ ಸಿಕ್ಕಿಸಿದ್ದ ಒಂದು ರಟ್ಟಿನ ತುಂಡಿನ ಮೂಲೆಯಲ್ಲಿ ಕೆಂಪು ಹುಂಜದ ಚಿತ್ರವಿತ್ತು. ಆ ಹುಂಜ ಅವನಿಗೆ ಗೊತ್ತು. ಮೂವತ್ತು ವರ್ಷಗಳಿಂದ ಅಡುಗೆಮನೆಯ ತಗಡಿನ ಡಬ್ಬಿಯಲ್ಲಿ, ಕೇಕು, ರೊಟ್ಟಿ, ಉಪ್ಪಿನಕಾಯಿಯ ವಿಧಾನ ಬರೆದಿಡುವ ಕಾರ್ಡುಗಳ ಮೇಲೆ ಕೂತಿರುವ ಹುಂಜ. 'ಮಾರ್ಲಿಸ್ ಸ್ಕೋಗನ್ ಅಡುಗೆಮನೆಯಿಂದ' ಎಂದು ಮೇಲೆ ಅಚ್ಚಾಗಿತ್ತು. ಅದರ ಕೆಳಗೆ, 'ಬೇಕಾಗುವ ಸಾಮಗ್ರಿ' ಎಂಬಲ್ಲಿ, ಅವಳ ದುಂಡಗಿನ ಅಕ್ಷರ.

'ಡಾಕ್ಟರ್ ಅವರಿಗೆ. ನಮ್ಮ ಕಡೆ ಮೊದಲನೆಯ ಬೇಡ ಮರ್ಯಾದೆಗೆ. ಎರಡನೆಯದೂ ಮರ್ಯಾದೆಗೇ. ದಯವಿಟ್ಟು ಇನ್ನೊಂದು ಸಲ ಕರೆಸಿ, ಮೂರು ಸಲ ಕೇಳಿ. ನಿಮಗೇನೂ ತೊಂದರೆ ಇಲ್ಲದಿದ್ದರೆ ಎಂದರೆ ಹೂಂ ಎಂದು ಅರ್ಥ. ನೋವು ಮೂರು ಎಂದರೆ ಎಂಟು ಎಂದು ಬರೆದುಕೊಳ್ಳಿ. ರಾತ್ರಿ ಕಾಲನ್ನು ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು ಮಲಗುತ್ತಾರೆ. ಹಸುಗಳನ್ನು ಕೊಟ್ಟುಬಿಡುತ್ತೇನೆ ಎನ್ನುತ್ತಿದ್ದಾರೆ. ಕೊಟ್ಟರೆ ಅವರು ಉಳಿಯುವುದಿಲ್ಲ. ನಾನು ಬರೆದದ್ದು ಅವರಿಗೆ ತಿಳಿಯಬಾರದು.'

ಕೆಳಗೆ ತಾರೀಖು. ಜನವರಿ, ಆ ಚಳಿಯ ವಾರ. ಯೀಸ್ಟ್ ಮುಗಿದಿದೆ ಎಂದ ದಿನ.

ಆಕೆ ಒಳಬಂದಾಗ ಆರ್ವಿಡ್ ಮಂಚದ ಮೇಲೆ ತನ್ನ ಜಾಗದಲ್ಲೇ ಕೂತು ಕಾಲುಚೀಲ ಹಾಕಿಕೊಳ್ಳುತ್ತಿದ್ದ. ಎರಡೂವರೆ ಗಂಟೆಯ ದಾರಿಯನ್ನು ಆ ಸಂಜೆ ಅವನು ಮೂರೂವರೆ ಗಂಟೆ ಓಡಿಸಿದ. ನಡುವೆ ಒಂದು ಕಡೆ ಗಾಡಿ ನಿಲ್ಲಿಸಿ, ಯಾರದೋ ಹೊಲದಲ್ಲಿ ಬೆಳೆಯುತ್ತಿದ್ದ ಜೋಳ ನೋಡಿದ. ಗಾಜಿನಂಥ ರಸ್ತೆಯ ಮೇಲೆ ಹನ್ನೆರಡು ಮೈಲಿ, ಮತ್ತೆ ಹನ್ನೆರಡು. ಕಾಗದ ಹಾಕಬಹುದಾದ ಅಂಚೆ ಪೆಟ್ಟಿಗೆ ಮನೆಯ ಮುಂದೆಯೇ ಇದ್ದರೂ ಅವಳು ಪೇಟೆಯ ಅಂಚೆಕಚೇರಿಗೆ ಹೋದದ್ದು ಅದು ಅವನ ಕಣ್ಣಿಗೆ ಬೀಳಬಾರದೆಂದು.

ಮನೆಗೆ ಬಂದಾಗ ವೆಂಡೆಲ್ ಹಾಲು ಕರೆದು ಮುಗಿಸಿ, ಅಡುಗೆಮನೆಯಲ್ಲಿ ಕೂತಿದ್ದ. ಮೇಜಿನ ಮೇಲೆ ರುಬಾರ್ಬ್ ಕೇಕಿನ ತಟ್ಟೆಯಲ್ಲಿ ಒಂದೇ ತುಂಡು ಉಳಿದಿತ್ತು. ಕೊನೆಯ ತುಂಡು ನಮ್ಮ ಕಡೆ ಯಾರೂ ತೆಗೆದುಕೊಳ್ಳುವುದಿಲ್ಲ. ಅರ್ಧ ಮಾಡುತ್ತಾರೆ, ಅರ್ಧದಲ್ಲಿ ಅರ್ಧ ಮಾಡುತ್ತಾರೆ, ಕೊನೆಗೆ ಒಂದು ತುಣುಕು ಒಣಗಿ ಕೋಳಿಗೆ ಹೋಗುತ್ತದೆ.

"ಏನಂದ್ರು ಡಾಕ್ಟ್ರು?" ಎಂದಳು ಮಾರ್ಲಿಸ್.

"ಇನ್ನು ಬರೋದು ಬೇಡ ಅಂದ್ರು. ಚೆನ್ನಾಗಾಗಿದೆ ಅಂದ್ರು."

"ಹಾಗಾದ್ರೆ ಚೆನ್ನಾಗಾಗಿದೆ." ತಟ್ಟೆಯನ್ನು ಅವನ ಕಡೆ ಸರಿಸಿದಳು. "ಈ ತುಂಡು ತಗೋತೀಯಾ?"

"ಹೂಂ," ಎಂದ ಆರ್ವಿಡ್. "ಕೊಡು."

ವೆಂಡೆಲ್ ಲೋಟ ಕೆಳಗಿಟ್ಟ. "ಏನೋ ಆಯ್ತು ನಿನಗೆ? ಕಾಲಿನ ನರ ತೆಗೀತೀನಿ ಅಂತ ಬೇರೆ ಏನಾದ್ರೂ ತೆಗೆದ್ರಾ?"

ಆರ್ವಿಡ್ ತುಂಡನ್ನು ಪೂರ್ತಿ ತಿಂದ. ತಟ್ಟೆಗೆ ಅಂಟಿದ್ದ ಪುಡಿಯನ್ನೂ ಬೆರಳಿನಿಂದ ಒತ್ತಿ ತೆಗೆದು ತಿಂದ. ಮಾರ್ಲಿಸ್ ನಿಂತಲ್ಲೇ ಅವನನ್ನು ನೋಡುತ್ತಿದ್ದಳು, ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು. "ಚೆನ್ನಾಗಿದೆ," ಎಂದ ಅವನು. ಆಮೇಲೆ ಕೂತು ಎಡಬೂಟು ಕಳಚಿ, ಕಾಲನ್ನು ಅವಳ ಕಡೆ ಚಾಚಿದ. ಅವಳು ಕುರ್ಚಿ ಎಳೆದುಕೊಂಡು ಅದನ್ನು ಮಡಿಲಿಗೆ ತೆಗೆದುಕೊಂಡಳು.

ಆ ಕಾರ್ಡನ್ನು ತಾನು ಓದಿದ್ದೇನೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.